ಇಪ್ಪತ್ತೆರಡನೆಯ ನಡೆ

ಚೆಸ್ ಪಂದ್ಯಾವಳಿಗಳಲ್ಲಿ ಒಂದು ಕ್ರೂರ ಪದ್ಧತಿ ಇದೆ. ನಾವಾಡಿದ ಪ್ರತಿಯೊಂದು ನಡೆಯನ್ನೂ, ಎದುರಿಗೆ ಕೂತವರು ಆಡಿದ ಪ್ರತಿಯೊಂದು ನಡೆಯನ್ನೂ ನಮ್ಮ ಕೈಯಾರೆ ಒಂದು ಹಾಳೆಯ ಮೇಲೆ ಬರೆಯುತ್ತಾ ಹೋಗಬೇಕು. ಕೆಳಗೆ ಕಾರ್ಬನ್ ಇರುತ್ತದೆ. ಆಟ ಮುಗಿದ ಮೇಲೆ ಇಬ್ಬರೂ ರುಜು ಹಾಕಿ, ಮೇಲಿನ ಪ್ರತಿಯನ್ನು ಸಂಘಟಕರಿಗೆ ಕೊಟ್ಟು, ಕೆಳಗಿನ ನೀಲಿ ಪ್ರತಿಯನ್ನು ಮನೆಗೆ ತರಬಹುದು. ಕಬಡ್ಡಿ ಆಡುವವರು ಹೀಗೆ ಬರೆದುಕೊಳ್ಳುವುದಿಲ್ಲ. ಲಗೋರಿ ಆಡುವಾಗ ನಾವೇನು ಬರೆದುಕೊಂಡೆವೇ? ಚೆಸ್ಸಿನಲ್ಲಿ ಮಾತ್ರ ತಪ್ಪು ಮಾಡಿದವರೇ ಪಂಚನಾಮೆಯನ್ನು ಮುದ್ದಾದ ಅಕ್ಷರದಲ್ಲಿ ಬರೆದು, ರುಜು ಮಾಡಿ, ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಾರೆ. ನಾನು ಹಾಗೆ ಹತ್ತಿದವಳು.

ಮುದ್ದಾದ ಅಕ್ಷರ ಎಂದು ಸುಮ್ಮನೆ ಹೇಳಲಿಲ್ಲ. ಸೋಲದೇವನಹಳ್ಳಿಯ ಒಂದು ಕಾಲೇಜಿನ ಆಫೀಸಿನಲ್ಲಿ ಪರೀಕ್ಷೆಯ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಒಳಗಡೆ ಕೂತು ನನಗೆ ಇಪ್ಪತ್ತಾರು ವರ್ಷವಾಯಿತು. ಅಕ್ಷರವೇ ನನ್ನ ಅನ್ನ. ಕಿಟಕಿಯ ಹೊರಗೆ ನಿಲ್ಲುವ ಮಕ್ಕಳು ನನ್ನನ್ನು ಎದುರಿಗೆ ಸರೋಜಾ ಮೇಡಂ ಅನ್ನುತ್ತಾರೆ, ಹಿಂದೆ ಏನೆನ್ನುತ್ತಾರೆ ಎಂದು ನನಗೆ ಗೊತ್ತಿದೆ, ಇಲ್ಲಿ ಬರೆಯುವುದಿಲ್ಲ. ಹೆಸರಿನ ಮುಂದಿನ ಇನಿಷಿಯಲ್ಲಿಗೆ ಚುಕ್ಕೆ ಇಲ್ಲ ಎಂದು ಅರ್ಜಿ ವಾಪಸ್ಸು ಕಳಿಸಿದ್ದೇನೆ. ಫೋಟೋ ಚೌಕದ ಗೆರೆಯ ಮೇಲೆ ಅಂಟಿದೆ ಎಂದು ಕಳಿಸಿದ್ದೇನೆ. "ಮೇಡಂ, ಬಸ್ಸು ತಪ್ಪೋಗುತ್ತೆ, ಇದೊಂದ್ಸಲ ಬಿಡಿ" ಎಂದವರಿಗೆಲ್ಲ ನನ್ನದು ಒಂದೇ ಉತ್ತರ: "ರೂಲ್ಸ್ ಅಂದ್ರೆ ರೂಲ್ಸಪ್ಪಾ." ಇಂಥವಳು ನಾನು ಎಂಬುದು ನಿಮ್ಮ ಗಮನದಲ್ಲಿರಲಿ. ಮುಂದೆ ನನ್ನನ್ನು ಆಡಿಕೊಳ್ಳಲು ಅನುಕೂಲವಾಗುತ್ತದೆ.

ಈ ವಯಸ್ಸಿನಲ್ಲಿ ನಿಮಗೆ ಚೆಸ್ ಹೇಗೆ ಅಂಟಿತು ಎಂದು ಎಲ್ಲರೂ ಕೇಳುತ್ತಾರೆ, ಯಾವುದೋ ಚರ್ಮದ ಕಾಯಿಲೆಯ ಬಗ್ಗೆ ಕೇಳುವ ದನಿಯಲ್ಲಿ. ಮಗಳು ಕಾವ್ಯಳಿಂದ ಅಂಟಿತು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ನಮ್ಮ ಬಾಗಲಗುಂಟೆಯ ಒಂದು ಮಹಡಿಯ ಮೇಲಿನ ಚೆಸ್ ಕ್ಲಾಸಿಗೆ ಸೇರಿಸಿದೆ. ಅವಳನ್ನು ಬಿಟ್ಟು ಮನೆಗೆ ಬಂದು ಮತ್ತೆ ಕರೆಯಲು ಹೋಗುವಷ್ಟರಲ್ಲಿ ಆ ಒಂದು ಗಂಟೆ ಮುಗಿದೇ ಹೋಗುತ್ತಿದ್ದುದರಿಂದ ನಾನು ಹಿಂದಿನ ಬೆಂಚಿನಲ್ಲಿ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದೆ. ಮೂರು ತಿಂಗಳಿಗೆ ಕಾವ್ಯ "ನಂಗೆ ಬೋರ್" ಎಂದು ಬಿಟ್ಟಳು. ನನಗೆ ಬಿಡಲಾಗಲಿಲ್ಲ. ಮಾಸ್ತರು ಬೋರ್ಡಿನ ಮೇಲೆ ಹಾಕಿದ ಲೆಕ್ಕವೊಂದು ಅರ್ಧಕ್ಕೆ ನಿಂತಿತ್ತು, ಅದರ ಉತ್ತರ ತಿಳಿಯದೆ ನನಗೆ ಆ ವಾರ ಸಾರಿಗೆ ಉಪ್ಪು ಹಾಕುವುದೂ ಮರೆತಿತ್ತು. ಮುಂದಿನ ಭಾನುವಾರ ಮಗಳಿಲ್ಲದೆ ಹೋಗಿ ಅದೇ ಬೆಂಚಿನಲ್ಲಿ ಕೂತೆ. ಮಾಸ್ತರು ಸಂಕೋಚದಿಂದ, "ಮೇಡಂ, ಪಾಪು ಎಲ್ಲಿ?" ಎಂದರು. "ಪಾಪು ನಾನೇ ಸಾರ್" ಎಂದೆ.

ನಿಜ ಹೇಳಬೇಕೆಂದರೆ ಅದಕ್ಕಿಂತ ಹಿಂದೆಯೇ ಅಂಟಿದ್ದಿರಬೇಕು. ನಾನು ಹುಟ್ಟಿ ಬೆಳೆದದ್ದು ಯಶವಂತಪುರದಲ್ಲಿ. ಅಪ್ಪ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮಿಲ್ಲಿನಲ್ಲಿ ಮಿಕ್ಕ ಮರದ ತುಂಡುಗಳಿಂದ ಯಾರೋ ಅಪ್ಪನಿಗೆ ಚದುರಂಗದ ಕಾಯಿ ಕಡೆದುಕೊಟ್ಟಿದ್ದರು. ಕುದುರೆಗೆ ಕಿವಿ ಇರಲಿಲ್ಲ, ಒಂಟೆ ನೋಡಲು ಒನಕೆಯ ಹಾಗಿತ್ತು, ಆನೆಯನ್ನು ಆನೆ ಎಂದು ಅಪ್ಪ ಹೇಳಿದ್ದಕ್ಕೆ ನಾವು ನಂಬಿದ್ದೆವು. ಬೋರ್ಡು ಇರಲಿಲ್ಲ. ನಡುಮನೆಯ ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅರವತ್ತನಾಲ್ಕು ಮನೆ ಬರೆದು, ಪಕ್ಕದ ಮನೆಯ ರಂಗಣ್ಣ ಮಾವನ ಜೊತೆ ಆಡುತ್ತಿದ್ದರು. ಒಂದು ಆಟ ಮೂರು ದಿನ ನಡೆಯುತ್ತಿತ್ತು. ಅಷ್ಟು ದಿನವೂ ನಾವು ಅಡುಗೆಮನೆಗೆ ಹೋಗಲು ಆ ಯುದ್ಧಭೂಮಿಯನ್ನು ಕುಪ್ಪಳಿಸಿ ದಾಟಬೇಕಿತ್ತು.

ಅಮ್ಮ ಮಾತ್ರ ದಾಟುತ್ತಿರಲಿಲ್ಲ. ಅವಳಿಗೆ ಬೆಳಿಗ್ಗೆ ನೆಲ ಒರೆಸಬೇಕು, ಒರೆಸುತ್ತಿದ್ದಳು. ಕಾಯಿಗಳನ್ನೆಲ್ಲ ಮೊರಕ್ಕೆ ತುಂಬಿ ಬದಿಗಿಟ್ಟು, ರಾಜರ ಮನೆಯನ್ನೂ ಮಂತ್ರಿಗಳ ಮನೆಯನ್ನೂ ಒಂದೇ ಬಟ್ಟೆಯಲ್ಲಿ ಅಳಿಸಿಬಿಡುತ್ತಿದ್ದಳು. ಸಂಜೆ ಅಪ್ಪ ಮತ್ತೆ ಗೆರೆ ಎಳೆದು ನೆನಪಿನಿಂದ ಕಾಯಿ ಜೋಡಿಸುವರು. ಅಪ್ಪನ ನೆನಪು ಯಾವಾಗಲೂ ಕೊಂಚ ಅಪ್ಪನ ಕಡೆಗೇ ವಾಲುತ್ತಿತ್ತು. ಹೆಣ್ಣುಮಕ್ಕಳು ಆಡುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಕಾಫಿ ತಂದುಕೊಟ್ಟ ನೆಪದಲ್ಲಿ ಅಪ್ಪನ ಮೊಣಕೈ ಹಿಂದೆ ಕೂತು ನೋಡಬಹುದಿತ್ತು, ಅಷ್ಟೆ. ಹಾಗೆ ನೋಡುತ್ತಾ ಒಂದು ಸಂಜೆ ಬಾಯಿ ತಡೆಯದೆ, "ಅಪ್ಪಾ, ಒಂಟೆ ನಿನ್ನೆ ಅಲ್ಲಿರಲಿಲ್ಲ, ಅದನ್ನ ಮಾವ ಹೊಡೆದಾಗಿತ್ತು" ಎಂದುಬಿಟ್ಟೆ. ರಂಗಣ್ಣ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ನನ್ನ ಕಡೆ ತಿರುಗದೆ, "ಹೋಗಿ ಮಗ್ಗಿ ಬರಿ" ಎಂದರು. ಆ ಒಂದು ತಿಂಗಳು ನಾನು ಬರೆದಷ್ಟು ಮಗ್ಗಿಯನ್ನು ಯಶವಂತಪುರದಲ್ಲಿ ಇನ್ನಾವ ಮಗುವೂ ಬರೆದಿರಲಾರದು.

ಇರಲಿ, ಪಂದ್ಯಾವಳಿಗೆ ಬರೋಣ. ಈ ವರ್ಷ ಯಲಹಂಕದ ಒಂದು ಕಲ್ಯಾಣ ಮಂಟಪದಲ್ಲಿ ಒಂದು ದಿನದ ಪಂದ್ಯಾವಳಿ ಇತ್ತು. ಯಾರು ಬೇಕಾದರೂ ಸೇರಬಹುದು. ಐದು ಸುತ್ತು. ಹಿಂದಿನ ದಿನದ ಮದುವೆಯ ಸೇವಂತಿಗೆ ಎಸಳು ಇನ್ನೂ ಮೂಲೆಯಲ್ಲಿದ್ದವು, ಮಂಟಪದ ತುಂಬ ಬಿಸಿಬೇಳೆಬಾತಿನ ವಾಸನೆ. ನಾನು ಮೊದಲ ಸುತ್ತು ಸೋತೆ. ಎರಡನೆಯದನ್ನು ಇನ್ನೂ ಬೇಗ ಸೋತೆ. ಮೂರನೆಯದರಲ್ಲಿ ಎದುರಿಗಿದ್ದ ಹುಡುಗಿ ನನ್ನ ನಡೆಗೆ ಕಾಯುತ್ತಾ ಹೋಮ್‌ವರ್ಕ್ ಮುಗಿಸಿಕೊಂಡಳು. ನಾಲ್ಕನೆಯದನ್ನು ಬಿಡಿ.

ಆದರೂ ಬಹುಮಾನ ನನಗೆ ಬರುವುದು ಬೆಳಿಗ್ಗೆಯೇ ಖಾತ್ರಿಯಾಗಿತ್ತು. ಐವತ್ತು ದಾಟಿದ ಮಹಿಳೆಯರಿಗೆ ಅಂತ ಒಂದು ಬಹುಮಾನದ ಕಪ್ಪು ಇಟ್ಟಿದ್ದರು, ಐವತ್ತು ದಾಟಿದ ಮಹಿಳೆ ಆ ಮಂಟಪದಲ್ಲಿ ನಾನೊಬ್ಬಳೇ ಇದ್ದೆ. ಐದಕ್ಕೆ ಐದು ಸೋತರೂ ಕಪ್ಪು ನನ್ನದೇ. ಅದಕ್ಕೇ ಹೇಳುತ್ತೇನೆ, ಕಪ್ಪಿನ ವಿಷಯದಲ್ಲಿ ನನ್ನ ಮನಸ್ಸಾಕ್ಷಿ ನಿರ್ಮಲವಾಗಿದೆ. ತೊಂದರೆ ಎಲ್ಲ ಐದನೆಯ ಸುತ್ತಿನದು. ಏಕೆಂದರೆ ಅದನ್ನು ನಾನು ಗೆದ್ದೆ.

ಎದುರಿಗಿದ್ದವರು ಮುನಿರಾಜಪ್ಪ ಎಂಬ ಹಿರಿಯರು. ಅರವತ್ತೈದರ ಮೇಲಿರಬೇಕು. ಬಿಳಿ ಪಂಚೆ, ಬಿಳಿ ಶರಟು, ಹೆಗಲ ಮೇಲೊಂದು ಟವೆಲ್ಲು. ಕೋಗಿಲಿನವರು, ಅಲ್ಲಿ ರಾಗಿ ಬೆಳೆಯುತ್ತಿದ್ದ ಜಮೀನು ಲೇಔಟಾಗಿ ಈಗ ಮನೆಗಳು ಬೆಳೆದಿವೆ ಎಂದು ಅವರೇ ಹೇಳಿದರು. "ನಾನೂ ನಾಕೂ ಸೋತಿವ್ನಿ ಮೇಡಮ್ನೋರೆ. ಈ ಮಕ್ಕಳು ಉಟ್ಟೋವಾಗ್ಲೇ ಆಡ್ಕೊಂಡು ಉಟ್ಟವೆ" ಎಂದು ನಕ್ಕರು. ಇಬ್ಬರು ಸೊನ್ನೆಗಳು ಕೈಕುಲುಕಿ ಕೂತೆವು.

ನಿಮಗೆ ಚೆಸ್ ಬರದಿದ್ದರೂ ಚಿಂತೆಯಿಲ್ಲ, ಈ ಕಥೆಗೆ ಬೇಕಾಗುವುದು ಒಂದೇ ನಿಯಮ. ಆಟದಲ್ಲಿ ಒಂದು ಸಲ ರಾಜ ಆನೆಯ ಕಡೆಗೆ ಎರಡು ಮನೆ ಸರಿಯಬಹುದು, ಆಗ ಆನೆ ಅವನನ್ನು ದಾಟಿ ಪಕ್ಕದ ಮನೆಗೆ ಬಂದು ನಿಲ್ಲುತ್ತದೆ. ಇದಕ್ಕೆ ಕ್ಯಾಸಲಿಂಗ್ ಎನ್ನುತ್ತಾರೆ. ರಾಜನನ್ನು ಬಯಲಿನಿಂದ ಕೋಟೆಯೊಳಕ್ಕೆ ಕಳಿಸುವ ಏರ್ಪಾಡು. ಇಲ್ಲಿ ಬೇಕಾದ ಷರತ್ತು ಇಷ್ಟೆ: ಅದಕ್ಕೆ ಮುಂಚೆ ರಾಜ ಒಂದು ಸಲವೂ ಕದಲಿರಬಾರದು. ಕದಲಿ ವಾಪಸ್ಸು ಅದೇ ಮನೆಗೆ ಬಂದಿದ್ದರೂ ಆಗದು.

ಆರನೇ ನಡೆಗೆ ಮುನಿರಾಜಪ್ಪ ಮಂತ್ರಿಯನ್ನು, ಅಂದರೆ ಕ್ವೀನನ್ನು, ಹೊರಗೆಳೆದು ನನ್ನ ರಾಜನಿಗೆ ಚೆಕ್ ಕೊಟ್ಟರು. ಮಧ್ಯಕ್ಕೆ ಏನಾದರೂ ಅಡ್ಡ ಇಡಬಹುದಿತ್ತು. ನಾನು ಗಾಬರಿಯಲ್ಲಿ ರಾಜನನ್ನೇ ಪಕ್ಕದ ಮನೆಗೆ ಸರಿಸಿದೆ. ಒಂಬತ್ತನೇ ನಡೆಗೆ, ಅಪಾಯ ಕಳೆದ ಮೇಲೆ, ಅವನನ್ನು ಸ್ವಸ್ಥಾನಕ್ಕೆ ತಂದು ನಿಲ್ಲಿಸಿದೆ. ನೋಡಿದವರಿಗೆ ರಾಜ ಅಲ್ಲೇ ಇದ್ದ ಹಾಗೆ. ನನಗೂ ಹಾಗೇ.

ಇಪ್ಪತ್ತೊಂದನೆಯ ನಡೆಯ ಹೊತ್ತಿಗೆ ನನ್ನ ಕಥೆ ಮುಗಿಯುತ್ತಾ ಬಂದಿತ್ತು. ಅವರ ಕುದುರೆ, ಒಂಟೆ ಎರಡೂ ನನ್ನ ರಾಜನ ಮನೆಬಾಗಿಲಿಗೆ ಬಂದು ನಿಂತಿದ್ದವು. ಅವರ ರಾಜನೂ ಬಯಲಿಗೆ ಬಂದಿದ್ದ, ಅವನ ನೆಟ್ಟಗೆ ಹಿಂದೆ ಮಂತ್ರಿ. ಆಗ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಕ್ಯಾಸಲಿಂಗ್! ಇಪ್ಪತ್ತೆರಡನೆಯ ನಡೆಗೆ ನನ್ನ ರಾಜ ಕೋಟೆ ಸೇರಿದ, ಆನೆ ದಾಟಿ ಬಂದು ನಿಂತ ಸಾಲು ಅವರ ರಾಜನ ಸಾಲೇ. ಚೆಕ್. ಅವರ ರಾಜ ಪಕ್ಕಕ್ಕೆ ಸರಿಯಲೇಬೇಕು, ಸರಿದರೆ ಹಿಂದಿರುವ ಮಂತ್ರಿ ನನ್ನ ಆನೆಯ ಬಾಯಿಗೆ. ಮುನಿರಾಜಪ್ಪ ಐದು ನಿಮಿಷ ನೋಡಿದರು. ರಾಜನನ್ನು ಸರಿಸಿದರು. ನಾನು ಮಂತ್ರಿಯನ್ನು ಹೊಡೆದೆ. ಹತ್ತು ನಡೆಯ ಮೇಲೆ ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೈ ಚಾಚಿದರು.

"ಸಕತ್ತಾಗಿ ಆಡಿದ್ರಿ ಮೇಡಮ್ನೋರೆ. ಆ ಒಂದ್ ನಡೆ ನಂಗೆ ಕಾಣ್ಲೇ ಇಲ್ಲ. ಕೋಗಿಲು ಕಡೆ ಬಂದ್ರೆ ಮನೆಗೆ ಬನ್ನಿ, ಯಾರ್ನ ಕೇಳಿದ್ರೂ ತೋರಿಸ್ತಾರೆ."

ಆ ನಡೆ ಅವರಿಗೆ ಕಾಣದಿದ್ದುದರಲ್ಲಿ ಆಶ್ಚರ್ಯವೇನು? ಅದು ಇರಲೇ ಇಲ್ಲವಲ್ಲ.

ಇದು ನನಗೆ ತಿಳಿಯುವ ಮುಂಚೆ ಹದಿನೆಂಟು ದಿನ ನಾನು ಪ್ರಸಿದ್ಧಳಾಗಿದ್ದೆ. ಕಾಲೇಜಿನಲ್ಲಿ ಪ್ರಾಂಶುಪಾಲರು ಬೆಳಗಿನ ಸಭೆಯಲ್ಲಿ ಶಾಲು ಹೊದಿಸಿದರು. ಎರಡು ಮಾತಾಡಿ ಎಂದರು. ನಾನು ಇಪ್ಪತ್ತು ನಿಮಿಷ ಮಾತಾಡಿದೆ, ಏಕಾಗ್ರತೆಯ ಬಗ್ಗೆ. "ಮಕ್ಕಳೇ, ಆಟವಾಗಲಿ ಅರ್ಜಿಯಾಗಲಿ, ಹಿಂದೆ ಏನು ಮಾಡಿದ್ದೇವೆ ಎಂಬುದನ್ನು ಸದಾ ನೆನಪಿಟ್ಟುಕೊಳ್ಳಬೇಕು" ಎಂದು ಬೆರಳೆತ್ತಿ ಹೇಳಿದ್ದು ನನಗೆ ಈಗಲೂ ಸ್ನಾನ ಮಾಡುವಾಗ ನೆನಪಾಗಿ, ನೀರು ಸುರಿದುಕೊಳ್ಳುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿಕೊಳ್ಳುತ್ತೇನೆ. ನಮ್ಮನೆಯವರದು, ಅಂದರೆ ಗಂಗಾಧರ ಅವರದು, ಮಾತು ಕಡಿಮೆ. ಅವರೂ ಬೀದಿಯ ತುದಿಯ ಹಾಲಿನ ಅಂಗಡಿಯಲ್ಲಿ, "ನಮ್ಮೋಳು ಕ್ವೀನ್ ಹೊಡೆದ್ಲು" ಎಂದರಂತೆ.

ಪ್ರಾಂಶುಪಾಲರು ಅಲ್ಲಿಗೇ ಬಿಟ್ಟಿದ್ದರೆ ನಾನು ಸಾಯುವವರೆಗೂ ಗೆದ್ದವಳಾಗಿಯೇ ಇರುತ್ತಿದ್ದೆ. ಅವರು ಕಾಲೇಜಿನ ಗೋಡೆ ಪತ್ರಿಕೆಗೆ "ನನ್ನ ಗೆಲುವಿನ ಆಟ" ಅಂತ ಒಂದು ಪುಟ ಬರೆದುಕೊಡಿ, ಒಂದೊಂದು ನಡೆಯನ್ನೂ ವಿವರಿಸಿ ಎಂದರು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ನೀಲಿ ಹಾಳೆ ಬಿಡಿಸಿಕೊಂಡು ಕೂತೆ. ಕಾವ್ಯ ಈಗ ಡಿಗ್ರಿ ಓದುತ್ತಿದ್ದಾಳೆ. ಅವಳು ನನ್ನ ಫೋನಿಗೆ ಚೆಸ್ಸಿನ ಒಂದು ಆ್ಯಪ್ ಹಾಕಿಕೊಟ್ಟು, "ನಡೆಗಳನ್ನ ಒಂದೊಂದಾಗಿ ಒತ್ತು, ಎಲ್ಲಿ ಚೆನ್ನಾಗಿ ಆಡಿದ್ಯ ಅಂತ ಅದೇ ಹೇಳುತ್ತೆ" ಎಂದಳು.

ಒತ್ತುತ್ತಾ ಹೋದೆ. ಮೂರನೇ ನಡೆಗೆ ಆ್ಯಪ್ ಒಂದು ಕೆಂಪು ಪ್ರಶ್ನಾರ್ಥಕ ಚಿಹ್ನೆ ಹಾಕಿತು. ಐದಕ್ಕೆ ಎರಡು. ಅಡ್ಡಿಯಿಲ್ಲ, ಇಪ್ಪತ್ತೆರಡು ಬರಲಿ, ಆಗ ನೋಡು ಎಂದು ಮನಸ್ಸಿನಲ್ಲೇ ಅದಕ್ಕೆ ಹೇಳಿದೆ. ಇಪ್ಪತ್ತೆರಡು ಬಂತು. ರಾಜನನ್ನು ಎರಡು ಮನೆ ಎಳೆದೆ. ಅವನು ಜಾರಿ ವಾಪಸ್ಸು ಬಂದ. ಮತ್ತೆ ಎಳೆದೆ. ವಾಪಸ್ಸು. ಬೆರಳಿನಲ್ಲಿ ಎಣ್ಣೆ ಇರಬಹುದೆಂದು ಸೆರಗಿಗೆ ಒರೆಸಿಕೊಂಡು ಎಳೆದೆ. ಫೋನ್ ಆಫ್ ಮಾಡಿ ಆನ್ ಮಾಡಿ ಎಳೆದೆ.

"ಕಾವ್ಯಾ, ನಿನ್ನ ಆ್ಯಪ್ ಕೆಟ್ಟೋಗಿದೆ ಕಣೇ. ಇದಕ್ಕೆ ಕ್ಯಾಸಲಿಂಗೇ ಬರಲ್ಲ."

ಅವಳು ಬಂದು ನೋಡಿದಳು. ಹಿಂದಕ್ಕೆ ಹಿಂದಕ್ಕೆ ಹೋಗಿ ಒಂಬತ್ತನೆಯ ನಡೆ ನೋಡಿದಳು, ಆರನೆಯದನ್ನು ನೋಡಿದಳು. ಅವಳ ತುಟಿ ಅಲುಗತೊಡಗಿತು.

"ಫೋನ್ ಸರಿಯಾಗೇ ಇದೆ ಅಮ್ಮ."

ಅವಳು ನಗು ತಡೆಯಲಾರದೆ ಅಪ್ಪನನ್ನು ಕರೆಯುತ್ತಾ ಓಡಿದಳು. ನಾನು ನನ್ನದೇ ಹಾಳೆಯನ್ನು ದಿಟ್ಟಿಸಿದೆ. ಆರು: ರಾಜ. ಒಂಬತ್ತು: ರಾಜ. ಎಷ್ಟು ದುಂಡಗೆ ಬರೆದಿದ್ದೇನೆ! ಆ್ಯಪ್‌ನಲ್ಲಿ ಇನ್ನು ಮುಂದೆ ನೋಡುವ ಧೈರ್ಯವಾಗಲಿಲ್ಲ, ಮುಚ್ಚಿಬಿಟ್ಟೆ. ಇನ್ನೊಂದು ನಿಮಿಷ ತೆರೆದಿಟ್ಟಿದ್ದರೆ ಅದು ಬೇರೊಂದು ಸಂಗತಿಯನ್ನೂ ಹೇಳುತ್ತಿತ್ತು. ಆದರೆ ಅವಮಾನವಾದಾಗ ನಾನು ಮೊದಲು ಮಾಡುವ ಕೆಲಸ ಬಾಗಿಲು ಹಾಕಿಕೊಳ್ಳುವುದು.

ಸಂಜೆ ಕಾವ್ಯ ನಿಯಮಗಳನ್ನೆಲ್ಲ ಹುಡುಕಿ ಓದಿದಳು. "ಏನೂ ಆಗಲ್ಲಮ್ಮ. ಆಟ ಮುಗಿದ ಮೇಲೆ ತಪ್ಪು ಗೊತ್ತಾದ್ರೆ ರಿಸಲ್ಟ್ ಬದಲಾಗಲ್ಲ. ನೀನು ಗೆದ್ದ ಹಾಗೇ."

"ಆವಾಗ್ಲೇ ಗೊತ್ತಾಗಿದ್ದಿದ್ರೆ?"

"ರಾಜನ್ನ ಮುಟ್ಟಿದ್ದೀಯಲ್ಲ, ರಾಜನ್ನೇ ಸರಿಯಾಗಿ ಎಲ್ಲಿಗಾದ್ರೂ ನಡೆಸಬೇಕಿತ್ತು."

"ನಡೆಸಿದ್ರೆ?"

ಅವಳು ಫೋನನ್ನು ಮಗುಚಿಟ್ಟಳು. ನನ್ನ ರಾಜನ ಮನೆಬಾಗಿಲಲ್ಲಿ ಆ ಕುದುರೆ, ಆ ಒಂಟೆ.

ಗಂಗಾಧರ ಪೇಪರು ಮಡಿಸಿ, "ಯಾರಿಗೂ ಗೊತ್ತಿಲ್ವಲ್ಲ ಸರೋಜ. ಬಿಡು" ಎಂದರು. ಅವರು ಸಮಾಧಾನಕ್ಕೆ ಹೇಳಿದ್ದು. ಸೋಮವಾರ ಕಿಟಕಿಯಲ್ಲಿ ಒಬ್ಬ ಹುಡುಗಿ ತಂದೆಯ ಹೆಸರಿನ ಜಾಗದಲ್ಲಿ ತಾಯಿಯ ಹೆಸರು ಬರೆದ ಅರ್ಜಿ ಕೊಟ್ಟಳು. ನಾನು ವಾಪಸ್ಸು ತಳ್ಳಲು ಕೈ ಎತ್ತಿದೆ. ಬಾಯಿಂದ ಆ ವಾಕ್ಯ ಹೊರಡಲಿಲ್ಲ. ಅವಳಿಗೆ ನನ್ನ ಪೆನ್ನನ್ನೇ ಕೊಟ್ಟು, "ಇಲ್ಲೇ ತಿದ್ದಮ್ಮ" ಎಂದೆ. ಪಕ್ಕದ ಮೇಜಿನ ಸಹೋದ್ಯೋಗಿ, "ಮೇಡಂ, ಹುಷಾರಾಗಿದ್ದೀರಾ?" ಎಂದು ಕೇಳಿದರು. ಇಡೀ ವಾರ ಹೀಗೇ ಆಯಿತು. ಗೋಡೆ ಪತ್ರಿಕೆಯವರು ಬಂದು ಕೇಳಿದಾಗಲೆಲ್ಲ ಕಣ್ಣು ನೋವು ಎಂದೆ. ಆ ಪುಟವನ್ನು ಕೊನೆಗೂ ಬರೆಯಲಿಲ್ಲ, ಅದರ ಬದಲು ಇದನ್ನು ಬರೆಯುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಒಂದು ಚಿಪ್ಪು ಏಲಕ್ಕಿಬಾಳೆ, ನೀಲಿ ಹಾಳೆ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಕೋಗಿಲಿಗೆ ಹೊರಟೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ತಪ್ಪೊಪ್ಪಿಕೊಳ್ಳಲು ಹೋಗದಿರುವುದಕ್ಕೆ ನೆಪವೇ ಉಳಿದಿಲ್ಲ. ಎರಡು ಬಸ್ಸು ಬದಲಾಯಿಸಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಅಭ್ಯಾಸ ಮಾಡಿದೆ. ಹೆಬ್ಬಾಳದ ಹತ್ತಿರ ವಾಹನಗಳೆಲ್ಲ ನಿಂತಲ್ಲೇ ನಿಂತಾಗ ನನಗೆ ಜೀವಮಾನದಲ್ಲಿ ಮೊದಲ ಬಾರಿ ಸಂತೋಷವಾಯಿತು.

ಕೋಗಿಲಿನಲ್ಲಿ ಮುನಿರಾಜಪ್ಪನವರ ಮನೆ ನಿಜವಾಗಿಯೂ ಯಾರನ್ನು ಕೇಳಿದರೂ ತೋರಿಸಿದರು. ಮೂರು ಮಹಡಿಯ ಮನೆ, ಪಕ್ಕದಲ್ಲಿ ಇನ್ನೂ ಉಳಿಸಿಕೊಂಡ ಹಳೆಯ ಹೆಂಚಿನ ಕೊಟ್ಟಿಗೆ. ಜಗಲಿಯ ಮೇಲೆ ಅವರ ಹೆಂಡತಿ ಲಕ್ಷ್ಮಮ್ಮ ಮೊಣಕಾಲ ಹತ್ತಿರ ಮೊರ ಇಟ್ಟುಕೊಂಡು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ನಾನು ಹೆಸರು ಹೇಳಿ, ಯಲಹಂಕದಲ್ಲಿ ಚೆಸ್ ಆಡಿದವಳು ಎಂದೆ.

ಲಕ್ಷ್ಮಮ್ಮನ ಕೈ ನಿಂತಿತು. "ಓ, ನೀವೇನಾ? ಬನ್ನಿ, ಕೂತ್ಕಳಿ. ಒಂದ್ ಮಾತ್ ಕೇಳ್ತೀನಿ, ತೆಪ್ಪು ತಿಳ್ಕಬೇಡಿ. ಆವತ್ತು ಏನ್ ಮಾಡಿದ್ರಿ ನಮ್ ಯಜಮಾನ್ರಿಗೆ?"

ನಾನು ಚೀಲವನ್ನು ಮಡಿಲಿಗೆ ಎಳೆದುಕೊಂಡೆ.

"ನಲವತ್ತು ವರ್ಸದಿಂದ ಬೆಳಿಗ್ಗೆ ಎದ್ರೆ ಅರಳಿಕಟ್ಟೆ, ಸಂಜೆ ಆದ್ರೆ ಅರಳಿಕಟ್ಟೆ. ಅಲ್ಲಿ ಆಟದಲ್ಲಿ ಇವ್ರನ್ನ ಮೀರ್ಸೋರಿಲ್ಲ. ಆವತ್ತು ಬಂದು ಇಂಗಿಂಗೆ ಸೋತೆ ಅಂದ್ರು. ಅವರ ಸ್ನೇಹಿತ್ರು ಕೆಂಪಣ್ಣ ಅಂತ ಒಬ್ರು, 'ಹೆಂಗ್ಸ್ರ ಕೈಲಿ ಸೋತ್ಯಾ ಮುನಿರಾಜ, ಇನ್ನು ಬಳೆ ತೊಟ್ಕೊ' ಅಂದ್ರಂತೆ. ಅಷ್ಟೆಯ. ಆವತ್ತಿಂದ ಕಟ್ಟೆಗೆ ಓಗಿಲ್ಲ. ಒಳಗೆ ಚದುರಂಗದ ಮಣೆ ಮುಂದೆ ಒಬ್ರೇ ಕೂತಿರ್ತಾರೆ. ಎಲ್ಲಿ ತೆಪ್ಪು ಮಾಡ್ದೆ, ಎಲ್ಲಿ ತೆಪ್ಪು ಮಾಡ್ದೆ ಅಂತ ಅದೇ ಜಪ."

ಅಂದರೆ ಬಾಗಲಗುಂಟೆಯಲ್ಲಿ ನಾನೂ ಕೋಗಿಲಿನಲ್ಲಿ ಅವರೂ ಒಂದೇ ಆಟದ ಮುಂದೆ ಕೂತಿದ್ದೆವು. ನಾನು ನನ್ನ ಜಾಣತನವನ್ನು ಹುಡುಕುತ್ತಿದ್ದೆ, ಆ ಮನುಷ್ಯ ತಾನು ಮಾಡದ ತಪ್ಪನ್ನು ಹುಡುಕುತ್ತಿದ್ದರು. ಬಸ್ಸಿನಲ್ಲಿ ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತು.

ಅಷ್ಟರಲ್ಲಿ ಮುನಿರಾಜಪ್ಪನವರೇ ಹೊರಗೆ ಬಂದರು. ನನ್ನನ್ನು ನೋಡಿ ಮುಖ ಅರಳಿತು. ಅದು ನನಗೆ ಇನ್ನೂ ಕಷ್ಟವಾಯಿತು. "ಬನ್ನಿ ಮೇಡಮ್ನೋರೆ! ಲೇ, ಕಾಫಿ ಮಾಡು."

"ಕಾಫಿ ಆಮೇಲೆ" ಎಂದೆ. ನೀಲಿ ಹಾಳೆ ತೆಗೆದು ಅವರ ಕೈಗೆ ಕೊಟ್ಟೆ. "ನಾನು ಆವತ್ತು ಗೆದ್ದಿಲ್ಲ. ಆ ನಡೆ ಆಡೋ ಹಾಗೇ ಇರ್ಲಿಲ್ಲ. ನನ್ನ ರಾಜ ಮೊದಲೇ ಕದಲಿಬಿಟ್ಟಿದ್ದ. ಬೇಕು ಅಂತ ಮಾಡಿದ್ದಲ್ಲ, ಮರೆತೇ ಹೋಗಿತ್ತು. ಆದ್ರೆ ತಪ್ಪು ತಪ್ಪೇ. ತಪ್ಪು ನಿಮ್ದಲ್ಲ."

ಅವರು ಹಾಳೆ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡರು. ಆ ಆಟ ಪೂರ್ತಿ ಅವರ ಕಣ್ಣೊಳಗೇ ಇತ್ತು ಎಂದು ಕಾಣುತ್ತದೆ. ಆಮೇಲೆ ನಿಧಾನವಾಗಿ, "ಹೌದಲ್ಲ... ನಾ ಚೆಕ್ ಕೊಟ್ಟಾಗ ಸರಿದಿದ್ದ" ಎಂದರು. ಮತ್ತೆ ನಾಚಿಕೊಂಡು ನಕ್ಕರು. "ನಿಜ ಯೋಳ್ಲಾ? ಒಂದ್ಸಲ ಸರಿದ್ರೆ ಅಂಗೆ ಮಾಡಂಗಿಲ್ಲ ಅಂತ ನಂಗೂ ಗೊತ್ತಿರ್ಲಿಲ್ಲ. ನಮ್ ಕಟ್ಟೆ ಆಟದಾಗೆ ಈ ಕೋಟೆ ಕಟ್ಟೋದೇ ಇಲ್ಲ. ರಾಜಂಗೆ ಒಂದ್ಸಲ ಕುದ್ರೆ ನೆಗೆತ ಕೊಡ್ತೀವಿ, ಅಷ್ಟೆಯ. ಪ್ಯಾಟೆ ಆಟ ನಾನು ಫೋನಾಗೆ ನೋಡಿ ಕಲ್ತಿದ್ದು."

"ಹಾಗಾದ್ರೆ ಈಗ ಆಡೋಣ" ಎಂದೆ. "ಅಲ್ಲಿಂದಲೇ. ನಾನು ರಾಜನ್ನ ಮುಟ್ಟಿದ್ದೀನಿ, ರಾಜನ್ನೇ ನಡೆಸಬೇಕು. ಅದೇ ರೂಲ್ಸು."

ಮಣೆ ಜಗಲಿಗೆ ಬಂತು. ಹಾಳೆ ನೋಡದೆ ಅವರೇ ಇಪ್ಪತ್ತೊಂದನೆಯ ನಡೆಯವರೆಗಿನ ಕಾಯಿ ಜೋಡಿಸಿದರು, ಒಂದು ಪದಾತಿಯೂ ತಪ್ಪಲಿಲ್ಲ. ನಾನು ರಾಜನನ್ನು ಎತ್ತಿ ಒಂದು ಮನೆ ಪಕ್ಕಕ್ಕಿಟ್ಟೆ. ಅವರ ಕುದುರೆ ನೆಗೆಯಿತು. ನಾನು ಓಡಿದೆ. ಒಂಟೆ ಬಂತು. ಮತ್ತೆ ಓಡಿದೆ. ಏಳನೆಯ ನಡೆಗೆ ಓಡಲು ಜಾಗವಿರಲಿಲ್ಲ. ಮುನಿರಾಜಪ್ಪ ಮಂತ್ರಿಯನ್ನು ಮೆಲ್ಲಗೆ, ಹೂವಿಡುವ ಹಾಗೆ, ನನ್ನ ರಾಜನ ಪಕ್ಕಕ್ಕಿಟ್ಟರು. ಆಮೇಲೆ ನನ್ನ ಮುಖ ನೋಡಿದರು, ಬೇಜಾರಾಯಿತೇನೋ ಎಂದು. ಆಶ್ಚರ್ಯವೆಂದರೆ ನನಗೆ ಬೇಜಾರಾಗಿರಲಿಲ್ಲ. ವಾರದಿಂದ ಭುಜದ ಮೇಲಿದ್ದದ್ದೇನೋ ಇಳಿದಂತಾಗಿ ಹಸಿವಾಗತೊಡಗಿತ್ತು.

ಅವರು ಫೋನ್ ತೆಗೆದು ಕಿವಿಗಿಟ್ಟರು. "ಲೇ ಕೆಂಪಣ್ಣ, ಆವತ್ತಿನ ಆಟ ಈಗ ಮುಗೀತು ಕಣ್ಲಾ. ಮೇಡಮ್ನೋರು ಇಲ್ಲೇ ಅವ್ರೆ, ಬೇಕಾದ್ರೆ ಕೇಳು. ಗೆದ್ದೋನು ನಾನು. ಸಂಜೆ ಕಟ್ಟೆಗೆ ಬತ್ತೀನಿ." ಆ ಕಡೆಯವರಿಗೆ ನಾನೇ ಫೋನಿನಲ್ಲಿ, "ಹೌದು ಸಾರ್, ನಾನು ಸೋತೆ" ಎಂದು ಖಚಿತಪಡಿಸಿದೆ. ಅಷ್ಟು ಹೆಮ್ಮೆಯಿಂದ ಆ ವಾಕ್ಯವನ್ನು ನಾನು ಹಿಂದೆಂದೂ ಹೇಳಿಲ್ಲ.

ಕಾಫಿ ಬಂತು, ಜೊತೆಗೆ ನಿಪ್ಪಟ್ಟು. ಮುನಿರಾಜಪ್ಪ ಕಾಯಿಗಳನ್ನು ಮತ್ತೆ ಇಪ್ಪತ್ತೊಂದನೆಯ ನಡೆಗೆ ಜೋಡಿಸಿಕೊಂಡು, ಗೆಲುವನ್ನು ಚಪ್ಪರಿಸುವವರಂತೆ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಲೋಟವನ್ನು ಕೆಳಗಿಟ್ಟರು. ನನ್ನನ್ನು ನೋಡಿದರು. ಮಣೆಯನ್ನು ನೋಡಿದರು. ನಿಪ್ಪಟ್ಟು ಮುರಿದರು, ತಿನ್ನಲಿಲ್ಲ.

"ಏನಾಯ್ತು?" ಎಂದೆ.

"ಯೋಳ್ಬಾರ್ದು ಅಂತ ಅನ್ನಿಸ್ತೈತೆ. ಆದ್ರೆ ನೀವು ಅಷ್ಟ್ ದೂರದಿಂದ ಬಂದು ಯೋಳಿದ್ರಿ, ನಾನ್ ಬಾಯಿ ಮುಚ್ಕೊಂಡು ಕುಂತ್ಕಂಡ್ರೆ ಎಂಗೆ?" ಎನ್ನುತ್ತಾ ಅವರು ಬೆರಳು ಚಾಚಿ, ನನ್ನ ಮೂಲೆಯ ಆನೆಯನ್ನು ಮೆಲ್ಲಗೆ ತಳ್ಳಿದರು. ಒಂದು ಮನೆ. ಎರಡು ಮನೆ. ರಾಜನನ್ನು ಮುಟ್ಟಲೇ ಇಲ್ಲ.

ಆನೆ ಬಂದು ನಿಂತ ಸಾಲು ಅವರ ರಾಜನ ಸಾಲು. ಚೆಕ್. ಅವನ ಹಿಂದೆ ಮಂತ್ರಿ.

ಕ್ಯಾಸಲಿಂಗ್ ಮಾಡಿದಾಗ ಆನೆ ಬಂದು ನಿಂತಿದ್ದೂ ಅದೇ ಮನೆ. ಆನೆಯನ್ನು ಸುಮ್ಮನೆ ತಳ್ಳಿದ್ದರೆ ಸಾಕಾಗಿತ್ತು. ಯಾವ ನಿಯಮವನ್ನೂ ಮುರಿಯದೆ ಮಂತ್ರಿ ನನ್ನ ಕೈಗೆ ಬರುತ್ತಿತ್ತು. ಗೆಲ್ಲಲು ನ್ಯಾಯವಾದ ದಾರಿ ತೆರೆದು ಬಿದ್ದಿದ್ದಾಗ ನಾನು ಕಾಂಪೌಂಡು ಹಾರಿದ್ದೆ. ಹಾರಿದ್ದಕ್ಕೆ ಶಾಲು ಹೊದ್ದು, ವಾರವಿಡೀ ನರಳಿ, ಎರಡು ಬಸ್ಸು ಬದಲಾಯಿಸಿ ಬಂದು ಕ್ಷಮೆ ಕೇಳಿ, ಶಿಸ್ತಾಗಿ ಸೋತಿದ್ದೆ. ನನಗೆ ನಗು ಬಂತು. ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ, ಕಾಫಿ ನೆತ್ತಿಗೇರಿತು. ಮುನಿರಾಜಪ್ಪನವರಿಗೆ ಮಾತ್ರ ನಗು ಬರಲಿಲ್ಲ.

"ಕೆಂಪಣ್ಣಂಗೆ ಮತ್ತೆ ಫೋನ್ ಮಾಡ್ಲಾ ಮೇಡಮ್ನೋರೆ?" ಎಂದು ಕೇಳಿದರು. ಕೈ ಫೋನಿನ ಕಡೆ ಹೋಗಿಯೂ ಇತ್ತು. ಆ ಮನುಷ್ಯ ನಿಜವಾಗಿಯೂ ಮಾಡುತ್ತಿದ್ದರು.

"ಖಂಡಿತ ಬೇಡ. ನಾನು ಆನೆ ತಳ್ಳಿಲ್ಲ, ರಾಜನ್ನ ಮುಟ್ಟಿದೆ. ಸೋತಿದ್ದು ಸೋತಿದ್ದೇ."

"ಅಲ್ಲ, ಆವತ್ತು ಮಂಟಪದಾಗೆ ನಂಗೂ ಕಾಣ್ಲಿಲ್ವಲ್ಲ ಇದು! ಇಷ್ಟ್ ದಿನ ನೋಡಿದ್ರೂ ಕಾಣ್ಲಿಲ್ಲ!"

"ನನಗೂ ಕಾಣಲಿಲ್ಲ."

ಲಕ್ಷ್ಮಮ್ಮ ಅಷ್ಟು ಹೊತ್ತೂ ಹುರುಳಿಕಾಯಿ ಮುರಿಯುತ್ತಾ ನಮ್ಮಿಬ್ಬರ ಮಾತನ್ನು ಕೇಳಿಸಿಕೊಳ್ಳುತ್ತಿದ್ದರು. ಈಗ ಕೈ ನಿಲ್ಲಿಸಿ, ಮಣೆಯ ಕಡೆಗೊಮ್ಮೆ ನೋಡಿ, ಗಂಡನ ಕಡೆಗೊಮ್ಮೆ ನೋಡಿ, ಕೊನೆಗೆ ನನ್ನನ್ನು ನೋಡಿದರು. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಅವ್ರಿಗೂ ಕಾಣ್ಲಿಲ್ಲ, ನಿಮ್ಗೂ ಕಾಣ್ಲಿಲ್ಲ. ಮತ್ತೆ ಇಷ್ಟ್ ದಿನ ಇಬ್ರೂ ಕುಂತ್ಕಂಡು ಏನ್ ನೋಡ್ತಿದ್ರಿ?"

ನಾವಿಬ್ಬರೂ ತಲೆ ತಗ್ಗಿಸಿಕೊಂಡು ಮಣೆಯನ್ನೇ ನೋಡತೊಡಗಿದೆವು.